ಕಾರಿನ ಎಂಜಿನ್ನಿಗೆ ತಕ್ಕ ವಿಮಾನ

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೆಯ ಹಂತದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಯಂತ್ರಶಾಲೆಯಿದೆ. ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ, ನಾಲ್ವರು ಕೆಲಸಗಾರರು. ಹಿಂಬದಿಯ ತಗಡಿನ ಮಾಡಿನ ಕೆಳಗೆ, ಕಬ್ಬಿಣದ ಕಟ್ಟಿನ ಮೇಲೆ, ಶಿವಾಜಿನಗರದ ಗುಜರಿಯಿಂದ ಕೊಂಡು ತಂದ ಮಾರುತಿ ಝೆನ್ ಕಾರಿನ ಎಂಜಿನ್ನೊಂದು ಕುಳಿತಿದೆ. ಅದರ ಎದುರಿನ ಗೋಡೆಯ ಮೇಲೆ ಒಂದು ವಿಮಾನದ ಬಣ್ಣದ ಚಿತ್ರ: ಮೂಗಿನ ಬಳಿ ಪುಟ್ಟ ರೆಕ್ಕೆ, ಹಿಂದೆ ದೊಡ್ಡ ರೆಕ್ಕೆ, ಬೆನ್ನ ಹಿಂದೆ ಎಂಜಿನ್ನು. ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝೀ ಅದು. ಮನೆಯ ಹಿತ್ತಿಲಲ್ಲೇ ವಿಮಾನ ಕಟ್ಟುವವರ ಲೋಕದಲ್ಲಿ ಬಹು ಪ್ರಸಿದ್ಧವಾದದ್ದು.

‘ಸಾರ್, ಎಂಜಿನ್ನು ಸಿಕ್ಕಿತು. ವಿಮಾನ ಯಾವುದು ಅಂತಲೂ ತೀರ್ಮಾನವಾಗಿದೆ. ಇವೆರಡನ್ನೂ ಕೂಡಿಸುವುದು ಹೇಗೆ ಅಂತ ಹೇಳಿಕೊಡಿ’ ಎಂದು ಅವನು ಕೇಳಿದ.

‘ಕೂಡಿಸುವುದು ಕಷ್ಟವಲ್ಲ ಕಣಯ್ಯ. ನಾಲ್ಕು ಬೋಲ್ಟು ಹಾಕಿದರೆ ಕೂಡುತ್ತದೆ. ಆಮೇಲೆ ಅವೆರಡೂ ಒಟ್ಟಿಗೆ ಬಾಳಬೇಕಲ್ಲ?’ ಎಂದೆ. ಹೆಣ್ಣು ಗಂಡಿನ ಮಾತಿನಂತೆ ಕೇಳಿಸಿತೇನೋ, ಅವನು ನಕ್ಕ. ನಾನು ನಗಲಿಲ್ಲ. ಇಂಥ ಕೂಡಾವಳಿ ಕೆಟ್ಟರೆ ಕೆಡುವುದು ಸಂಸಾರವಲ್ಲ, ಒಳಗೆ ಕುಳಿತವನ ಪ್ರಾಣ. ಆ ಮಧ್ಯಾಹ್ನ ಅವನಿಗೆ ವಿವರಿಸಿದ್ದನ್ನೇ ಈ ಹೊತ್ತು ಕೇಳುಗರ ಮುಂದಿಡುತ್ತಿದ್ದೇನೆ.

ಎಂಜಿನ್ನಿನ ಸಾಮರ್ಥ್ಯವನ್ನು ನಾವು ಅಶ್ವಶಕ್ತಿಯಲ್ಲಿ ಅಳೆಯುತ್ತೇವೆ. 1993ರಲ್ಲಿ ಬಂದ ಝೆನ್ ಕಾರಿನ 993 ಘನ ಸೆಂಟಿಮೀಟರಿನ ಎಂಜಿನ್ನಿಗೆ 50 ಅಶ್ವಶಕ್ತಿ. ಕೇಳಲು ಚೆನ್ನಾಗಿದೆ. ಆದರೆ ಆ ಐವತ್ತು ಕುದುರೆಗಳು ಹೊರಬರುವುದು ಎಂಜಿನ್ನು ನಿಮಿಷಕ್ಕೆ 6500 ಸುತ್ತು ಸುತ್ತಿದಾಗ ಮಾತ್ರ. ಕಾರಿನಲ್ಲಿ ಆ ವೇಗವನ್ನು ಮುಟ್ಟುವವರೇ ಅಪರೂಪ. ಸಿಲ್ಕ್ ಬೋರ್ಡ್ ಚೌಕದಲ್ಲಿ ಅರ್ಧ ಗಂಟೆ ನಿಂತು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ತೆವಳುವ ಕಾರಿಗೆ ಹತ್ತು ಕುದುರೆಗಳೂ ಬೇಕಾಗುವುದಿಲ್ಲ. ಉಳಿದವು ಲಾಯದಲ್ಲಿ ಮೇಯುತ್ತಿರುತ್ತವೆ. ವಿಮಾನದಲ್ಲಿ ಹಾಗಲ್ಲ. ನೆಲ ಬಿಡುವಾಗ ಎಲ್ಲವೂ ಬೇಕು, ಮೇಲೆ ಹೋದ ಮೇಲೂ ಮುಕ್ಕಾಲು ಪಾಲು ಎಡೆಬಿಡದೆ ದುಡಿಯುತ್ತಿರಬೇಕು.

ಇಲ್ಲಿ ಪ್ರೊಪೆಲ್ಲರಿನ ಮಾತು ಬರುತ್ತದೆ. ಕಾರಿನ ಎಂಜಿನ್ನು ನೆಲವನ್ನು ತಳ್ಳುತ್ತದೆ, ವಿಮಾನದ್ದು ಗಾಳಿಯನ್ನು ತಳ್ಳಬೇಕು. ಪ್ರೊಪೆಲ್ಲರಿನ ಅಲಗುಗಳ ತುದಿ ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಸಮೀಪಿಸಿತೆಂದರೆ ಅದು ಗಾಳಿಯನ್ನು ತಳ್ಳುವುದಕ್ಕಿಂತ ಗಾಳಿಯೊಡನೆ ಜಗಳವಾಡುವುದೇ ಹೆಚ್ಚಾಗುತ್ತದೆ. ಶಕ್ತಿಯೆಲ್ಲ ಅಬ್ಬರವಾಗಿ ಸೋರಿಹೋಗುತ್ತದೆ. ಒಂದೂವರೆ ಮೀಟರ್ ವ್ಯಾಸದ ಪ್ರೊಪೆಲ್ಲರನ್ನು ನಿಮಿಷಕ್ಕೆ 6500 ಸುತ್ತು ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 510 ಮೀಟರಾಗುತ್ತದೆ. ಅದು ಆಗದ ಮಾತು. ತುದಿಯನ್ನು 250ರ ಒಳಗಿಡಬೇಕಾದರೆ ಅದೇ ಪ್ರೊಪೆಲ್ಲರು ನಿಮಿಷಕ್ಕೆ 3200 ಸುತ್ತನ್ನು ಮೀರಬಾರದು, ವ್ಯಾಸ 1.8 ಮೀಟರಾದರೆ 2650ನ್ನು ಮೀರಬಾರದು.

ಹಾಗಾದರೆ ಚಿಕ್ಕ ಪ್ರೊಪೆಲ್ಲರನ್ನೇ ಹಾಕಿಕೊಂಡರಾಯಿತಲ್ಲ ಎಂದು ಕೇಳಬಹುದು. ಸೆಕೆಗಾಲದಲ್ಲಿ ದೊಡ್ಡ ಬೀಸಣಿಗೆಯನ್ನು ಮೆಲ್ಲಗೆ ಬೀಸಿಕೊಳ್ಳುವವನನ್ನೂ ಅಂಚೆಯ ಕಾರ್ಡನ್ನು ಪಟಪಟನೆ ಬೀಸಿಕೊಳ್ಳುವವನನ್ನೂ ನೋಡಿ. ಕೈ ಬೇಗ ಸೋಲುವುದು ಎರಡನೆಯವನದೇ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದು ಲಾಭ, ಕಡಿಮೆ ಗಾಳಿಯನ್ನು ರಭಸದಿಂದ ತಳ್ಳುವುದು ನಷ್ಟ. ವಿಮಾನ ನಿಧಾನವಾಗಿ ಹೋಗುವಂಥದಾದಷ್ಟೂ ಈ ನಷ್ಟ ಹೆಚ್ಚು. ಮೈ ನುಣುಪಾಗಿದ್ದು ವೇಗವಾಗಿ ಹಾರುವ ವಿಮಾನಕ್ಕೆ ಚಿಕ್ಕ ಪ್ರೊಪೆಲ್ಲರು ಸಾಕಾಗುತ್ತದೆ. ದೊಡ್ಡ ರೆಕ್ಕೆ, ಆಧಾರದ ಕಡ್ಡಿಗಳು, ಬಟ್ಟೆಯ ಹೊದಿಕೆ ಇವನ್ನೆಲ್ಲ ಹೊತ್ತು ಸಾವಕಾಶವಾಗಿ ಹೋಗುವ ವಿಮಾನಕ್ಕೆ ದೊಡ್ಡದೇ ಬೇಕು.

ಆದ್ದರಿಂದ ಎಂಜಿನ್ನಿನ ಸುತ್ತು ಪ್ರೊಪೆಲ್ಲರಿನ ಅಳತೆಯನ್ನು ಗೊತ್ತುಮಾಡುತ್ತದೆ. ಪ್ರೊಪೆಲ್ಲರಿನ ಅಳತೆ ಎಂಥ ವಿಮಾನ ಎಂಬುದನ್ನು ಗೊತ್ತುಮಾಡುತ್ತದೆ. ನನ್ನ ಶಿಷ್ಯ ಎರಡು ತುದಿಗಳನ್ನು ಮೊದಲೇ ಹಿಡಿದುಕೊಂಡು ನಡುವಿನದನ್ನು ಕೇಳುತ್ತಿದ್ದ.

ಈ ತರ್ಕವನ್ನು ಪುಸ್ತಕವಿಲ್ಲದೆಯೇ ಅರಿತಿದ್ದವನೊಬ್ಬ ಅಮೆರಿಕದ ಮಿನ್ನೆಸೋಟ ಸೀಮೆಯ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿದ್ದ. ಬರ್ನಾರ್ಡ್ ಪೀಟನ್‌ಪೋಲ್ ಅವನ ಹೆಸರು. 1929ರ ಸುಮಾರಿಗೆ ಅವನು ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ನನ್ನು ಕೂಡಿಸಿ ಮರದ ವಿಮಾನವೊಂದನ್ನು ಹಾರಿಸಿದ. ಕಾರಿನ ಎಂಜಿನ್ನಿನಿಂದ ವಿಮಾನ ಹಾರದು ಎಂದು ಬರೆದಿದ್ದ ಪತ್ರಿಕೆಯ ಸಂಪಾದಕನಿಗೆ, ಹಾರಿಸಿಕೊಂಡೇ ಹೋಗಿ ತೋರಿಸಿದನಂತೆ. ಆ ಎಂಜಿನ್ನು ನೂರು ಕಿಲೋ ಮೀರಿದ ಕಬ್ಬಿಣದ ಮುದ್ದೆ, ಶಕ್ತಿ ಬರೀ 40. ಆದರೆ ಅದರ ಒಡಲು ದೊಡ್ಡದು: ಮೂರು ಲೀಟರಿಗೂ ಹೆಚ್ಚು. ಸುತ್ತು ನಿಧಾನ, ಹಾರುವಾಗ ನಿಮಿಷಕ್ಕೆ ಸುಮಾರು 1600. ಹಾಗಾಗಿ ನಡುವೆ ಗೇರಿನ ಗೊಡವೆಯಿಲ್ಲದೆ ಎರಡು ಮೀಟರಿಗೆ ಹತ್ತಿರವಾದ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸಿತು. ಅದಕ್ಕೆ ತಕ್ಕಂತೆ ಅವನು ಕಟ್ಟಿದ್ದು ಅಗಲವಾದ ರೆಕ್ಕೆಯ, ನಿಧಾನಗತಿಯ ವಿಮಾನ. ನಲವತ್ತು ಕುದುರೆಗಳು ಇಬ್ಬರನ್ನು ಎತ್ತಿದವು. ಅಶ್ವಶಕ್ತಿಯನ್ನಷ್ಟೇ ನೋಡಿ ಲೆಕ್ಕ ಹಾಕುವವರಿಗೆ ಇದು ಪವಾಡದಂತೆ ಕಾಣುತ್ತದೆ.

ಇನ್ನೊಂದು ದಾರಿ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದು. ಅದರ ಎಂಜಿನ್ನು ಹಗುರ, ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಬೇಡ. ಅದಕ್ಕೆ ನೇರವಾಗಿ ಚಿಕ್ಕ ಪ್ರೊಪೆಲ್ಲರು ಕೂಡಿಸಿ, ಅದಕ್ಕೆ ತಕ್ಕ ಚಿಕ್ಕ ಹಗುರ ವಿಮಾನಗಳನ್ನು ಹಲವರು ರೂಪಿಸಿದರು. ಫ್ರಾನ್ಸಿನ ರೋಜರ್ ದ್ರುಯೀನ್ ಮಾಡಿದ ಟರ್ಬ್ಯುಲೆಂಟ್ ಒಬ್ಬನೇ ಕೂರುವಂಥದು; 1960ರಲ್ಲಿ ಬ್ರಿಟನ್ನಿನ ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಅದನ್ನು ಹಾರಿಸಿದ್ದರು. 1972ರಲ್ಲಿ ಕೆನ್ ರ‍್ಯಾಂಡ್ ಎಂಬಾತನ ಕೆಆರ್-1 ಬಂತು. ಇವೆಲ್ಲ ಎಂಜಿನ್ನನ್ನು ಮುಂದಿಟ್ಟುಕೊಂಡು ಅದರ ಸುತ್ತ ಬಿಡಿಸಿದ ವಿಮಾನಗಳು.

ಗೋಡೆಯ ಮೇಲಿನ ಚಿತ್ರದ ವಂಶಾವಳಿಯೂ ಇಲ್ಲಿಂದಲೇ ಹೊರಡುತ್ತದೆ. ನನ್ನ ಶಿಷ್ಯನಿಗೆ ಇದು ತಿಳಿದಿರಲಿಲ್ಲ. ಲಾಂಗ್-ಈಝೀಗೆ ಮೊದಲು ರುಟಾನ್ ಮಾಡಿದ್ದು ವ್ಯಾರಿ-ಈಝೀ. ಅದರ ಮೊದಲ ವಿಮಾನ 1975ರ ಮೇ ತಿಂಗಳಲ್ಲಿ ಹಾರಿದಾಗ ಬೆನ್ನ ಹಿಂದಿದ್ದದ್ದು ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ನೇ. ಆ ವರ್ಷವೇ ಆಷ್‌ಕಾಷ್ ಎಂಬಲ್ಲಿನ ವಿಮಾನ ಮೇಳದಲ್ಲಿ ರುಟಾನನ ಅಣ್ಣ ಡಿಕ್ ಅದನ್ನು ದೂರದ ದಾಖಲೆಗಾಗಿ ಹಾರಿಸಿದ. ಮೊದಲ ಯತ್ನದಲ್ಲಿ ಎಂಜಿನ್ನು ಕೈಕೊಟ್ಟಿತು. ಎರಡನೆಯ ಯತ್ನದಲ್ಲಿ ಸುಮಾರು 2636 ಕಿಲೋಮೀಟರ್ ಹಾರಿ, ಐನೂರು ಕಿಲೋ ಒಳಗಿನ ವಿಮಾನಗಳ ವರ್ಗದಲ್ಲಿ ವಿಶ್ವದಾಖಲೆಯಾಯಿತು. ದಾಖಲೆ ಕೈಗೆ ಬಂದ ಮೇಲೆ ಬೇರೆಯವನಾಗಿದ್ದರೆ ಆ ಎಂಜಿನ್ನಿಗೆ ಹಾರ ಹಾಕುತ್ತಿದ್ದ. ರುಟಾನ್ ಅದನ್ನು ಬಿಟ್ಟ. ನೂರು ಅಶ್ವಶಕ್ತಿಯ ಕಾಂಟಿನೆಂಟಲ್ ವಿಮಾನ ಎಂಜಿನ್ನನ್ನು ಆರಿಸಿಕೊಂಡ. ಗಮನಿಸಬೇಕಾದದ್ದು ಇದು: ಆ ಎಂಜಿನ್ನನ್ನು ಹಳೆಯ ಒಡಲಿಗೆ ತಗುಲಿಹಾಕಲಿಲ್ಲ. ಹೊಸದಾಗಿ ಲೆಕ್ಕ ಹಾಕಿ, ವಿಮಾನವನ್ನೇ ದೊಡ್ಡದು ಮಾಡಿ, 1976ರಲ್ಲಿ ಮತ್ತೊಂದನ್ನು ಹಾರಿಸಿದ. 1979ರಲ್ಲಿ ಅದಕ್ಕಿಂತಲೂ ದೊಡ್ಡದಾದ ಲೈಕಾಮಿಂಗ್ ಎಂಜಿನ್ನನ್ನು ಹೊರುವಂತೆ ರೂಪಿಸಿದ್ದೇ ಲಾಂಗ್-ಈಝೀ. ಎಂಜಿನ್ನು ಬದಲಾದಾಗಲೆಲ್ಲ ವಿಮಾನವೂ ಬದಲಾಗಿದೆ.

ಈ ವಂಶದ ಒಂದು ಕೊಂಬೆ ನಮ್ಮ ಬೆಂಗಳೂರಿಗೂ ಚಾಚಿತು. 1980ರ ದಶಕದಲ್ಲಿ ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಲಾಂಗ್-ಈಝೀಯನ್ನು ಆಧರಿಸಿ ಹಗುರವಾದ ಸಂಶೋಧನಾ ವಿಮಾನವೊಂದನ್ನು ಕಟ್ಟಿತು. ಅದರ ಮುಂದಾಳು ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕ ರುಸ್ತುಂ ದಮಾನಿಯಾ. ಮುಂದೆ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಅದೇ ಆಕಾರದಿಂದ ಚಾಲಕನಿಲ್ಲದ ವಿಮಾನವನ್ನು ಬೆಳೆಸಿದಾಗ, 2001ರಲ್ಲಿ ತೀರಿಕೊಂಡಿದ್ದ ಅವರ ನೆನಪಿಗೆ ರುಸ್ತುಂ ಎಂದು ಹೆಸರಿಟ್ಟಿತು. 2010ರ ಅಕ್ಟೋಬರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದಾಚೆಯ ಹೊಸೂರಿನ ಹಾರುದಾಣದಲ್ಲಿ ರುಸ್ತುಂ-1 ಸುಸೂತ್ರವಾಗಿ ಹಾರಿತು. ನನ್ನ ಶಿಷ್ಯನ ಮೋಹಕ್ಕೆ ಮೂಲ ಆ ಸುದ್ದಿಯ ಜೊತೆ ಬಂದ ಚಿತ್ರವೇ. ಮೋಹ ತಪ್ಪಲ್ಲ. ಆದರೆ 115 ಅಶ್ವಶಕ್ತಿಗೆಂದು ರೂಪಿಸಿದ ಒಡಲಿಗೆ 50ರ ಎಂಜಿನ್ನನ್ನು ಇಟ್ಟರೆ ಏನಾಗುತ್ತದೆಂಬುದನ್ನು ಬೆಂಗಳೂರಿನ ಗಾಳಿಯನ್ನೇ ಕೇಳಬೇಕು.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇದರಿಂದ ನಮಗೆ ತಂಪು, ಎಂಜಿನ್ನಿಗೆ ಉಪವಾಸ. ಗಾಳಿ ತೆಳುವಾದಷ್ಟೂ ಅದು ಉಸಿರಾಡುವ ಆಮ್ಲಜನಕ ಕಡಿಮೆ. ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಹೋಗುತ್ತದೆಂದು ಸ್ಥೂಲವಾಗಿ ಹೇಳಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲು 35 ಡಿಗ್ರಿಗೆ ಏರಿದಾಗ, ಜಕ್ಕೂರಿನ ಹಾರುದಾಣದ ನೆಲದ ಮೇಲೆಯೇ ಗಾಳಿ ಆರು ಸಾವಿರ ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಝೆನ್ ಎಂಜಿನ್ನನ್ನು ಬಹುಕಾಲ ಬಾಳುವಂತೆ 5000 ಸುತ್ತಿಗೆ ಮಿತಗೊಳಿಸಿದರೆ ಸಿಗುವುದು 45 ಕುದುರೆ ಎಂದಿಟ್ಟುಕೊಳ್ಳಿ. ಆ ಮಧ್ಯಾಹ್ನ ಅದರಲ್ಲಿ ಉಳಿಯುವುದು 37. ಅದೇ ಗಾಳಿಯಲ್ಲಿ ಪ್ರೊಪೆಲ್ಲರಿನ ಹಿಡಿತವೂ ರೆಕ್ಕೆಯ ಹಿಡಿತವೂ ಸಡಿಲ. ಇಲ್ಲಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1958ರಲ್ಲಿ ಹಾರಿಸಿದ ಪುಷ್ಪಕ ಇಬ್ಬರು ಕೂರುವ ಸಾಧಾರಣ ಬಟ್ಟೆಹೊದಿಕೆಯ ವಿಮಾನ. ಅದಕ್ಕೇ 90 ಅಶ್ವಶಕ್ತಿ ಇತ್ತು. ಪ್ರಯೋಗಾಲಯದ ಹಂಸ-3ಕ್ಕೆ ಆರಿಸಿದ ರೋಟಾಕ್ಸ್ 914 ಎಂಜಿನ್ನಿಗೆ ಗಾಳಿಯನ್ನು ಒತ್ತಿ ಉಣಿಸುವ ಟರ್ಬೋ ಇದೆ. ನಮ್ಮಂಥ ಎತ್ತರದ ಊರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಹೊರದೇಶದ ಕೈಪಿಡಿಯಲ್ಲಿ ‘ಇನ್ನೂರು ಮೀಟರಿನಲ್ಲಿ ನೆಲ ಬಿಡುತ್ತದೆ’ ಎಂದು ಬರೆದಿದ್ದರೆ ಅದು ಕಡಲತೀರದ ಮಾತು, ಪೀಣ್ಯದ ಮಾತಲ್ಲ.

ತೂಕದ ಪ್ರಶ್ನೆ ಇನ್ನೂ ಸೂಕ್ಷ್ಮ. ವಿಮಾನವೆಂದರೆ ಒಂದು ತಕ್ಕಡಿ. ಅದರ ಗುರುತ್ವಕೇಂದ್ರ ರೆಕ್ಕೆಗೆ ಸಂಬಂಧಿಸಿದಂತೆ ಕೆಲವೇ ಅಂಗುಲಗಳ ಮಿತಿಯೊಳಗೆ ಬೀಳಬೇಕು. ನಿಮ್ಮ ಎಂಜಿನ್ನು, ನಕ್ಷೆಯಲ್ಲಿ ಹೇಳಿದ್ದಕ್ಕಿಂತ 30 ಕಿಲೋ ಹೆಚ್ಚಿದ್ದು, ಗುರುತ್ವಕೇಂದ್ರದಿಂದ ಒಂದೂವರೆ ಮೀಟರ್ ಮುಂದೆ ಕುಳಿತಿದೆಯೆನ್ನಿ. ಸರಿದೂಗಿಸಲು ನಾಲ್ಕೂವರೆ ಮೀಟರ್ ಹಿಂದಿನ ಬಾಲದಲ್ಲಿ 10 ಕಿಲೋ ಸೀಸ ಇಡಬೇಕು. ಮೂವತ್ತಕ್ಕೆ ಹತ್ತು ಸೇರಿ ನಲವತ್ತಾಯಿತು. ಅಷ್ಟನ್ನೂ ಆ 37 ಕುದುರೆಗಳೇ ಎತ್ತಬೇಕು. ಎಂಜಿನ್ನು ಹಿಂದಿರುವ ಲಾಂಗ್-ಈಝೀಯಂಥದರಲ್ಲಿ ಹಿಂಭಾರ ಹೆಚ್ಚಾದರಂತೂ ಚಾಲಕನ ಹಿಡಿತವೇ ತಪ್ಪಬಹುದು. ಪೀಟನ್‌ಪೋಲನ ವಿಮಾನದಲ್ಲಿ ರೆಕ್ಕೆ ಒಡಲಿನ ಮೇಲೆ ಛತ್ರಿಯಂತೆ ಕಂಬಗಳ ಮೇಲೆ ನಿಂತಿದೆ. ಆ ಕಂಬಗಳನ್ನು ಬೇಕಾದ ಕಡೆಗೆ ಕೊಂಚ ವಾಲಿಸಿದರೆ ರೆಕ್ಕೆಯೇ ಸರಿದು ತಕ್ಕಡಿ ಸಮವಾಗುತ್ತದೆ, ಸೀಸ ಬೇಡ. ಮುಂದೆ ಅವನು ಫೋರ್ಡಿಗಿಂತ ಹಗುರವಾದ ಷೆವರ್ಲೆ ಕಾರ್ವೇರ್ ಎಂಜಿನ್ನನ್ನು ಕೂಡಿಸಿದಾಗ ಒಡಲನ್ನು ಉದ್ದಮಾಡಿ ಹೊಸ ನಕ್ಷೆ ಬರೆದ. ಯಾವ ವಿಮಾನ ಇಂಥ ಸರಿದಾಟಕ್ಕೆ ಎಡೆಕೊಡುತ್ತದೋ ಅದು ಕಾರಿನ ಎಂಜಿನ್ನಿಗೆ ಒಳ್ಳೆಯ ಸಂಗಾತಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಎಂಜಿನ್ನು ನಿಂತುಹೋದರೆ? ವಿಮಾನಕ್ಕೆಂದೇ ಮಾಡಿದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ಗು, ಎರಡು ಪ್ರತ್ಯೇಕ ಕಿಡಿವ್ಯವಸ್ಥೆ. ಕಾರಿನದಕ್ಕೆ ಒಂದೇ. ರಸ್ತೆಯಲ್ಲಿ ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್ಕನನ್ನು ಕರೆಯುತ್ತೇವೆಂಬ ಭರವಸೆಯ ಮೇಲೆ ಮಾಡಿದ ವಸ್ತು ಅದು. ಆದ್ದರಿಂದ ನಿಲ್ಲುತ್ತದೆಂದೇ ಭಾವಿಸಿ ವಿಮಾನವನ್ನು ಆರಿಸಬೇಕು. ನೆಲಕ್ಕೆ ಬಡಿಯುವ ಪೆಟ್ಟು ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 110 ಕಿಲೋಮೀಟರಿನಲ್ಲಿ ನೆಲ ಮುಟ್ಟುವ ವಿಮಾನದ ಪೆಟ್ಟು 60ರಲ್ಲಿ ಮುಟ್ಟುವುದರ ಎರಡರಷ್ಟಲ್ಲ, ಮೂರು ಪಟ್ಟಿಗೂ ಹೆಚ್ಚು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ ಸಿಟಿಗೆ ತೊಡಗಿದಾಗ ಸುತ್ತ ಹೊಲಗಳಿದ್ದವು. ವೈಟ್‌ಫೀಲ್ಡಿನ ದಾರಿಯಲ್ಲೂ ರಾಗಿಯ ಹೊಲಗಳಿದ್ದವು. ಇಂದು ಮೇಲಿನಿಂದ ನೋಡಿದರೆ ಕಾಣುವುದು ಕಟ್ಟಡ, ತಂತಿ, ಅಳಿದುಳಿದ ಕೆರೆ. ಆಟದ ಮೈದಾನದಷ್ಟು ಜಾಗದಲ್ಲಿ ಇಳಿಯಬಲ್ಲ ವಿಮಾನವೇ ಇಲ್ಲಿ ಬೇಕು. ಚಿಕ್ಕ ಚಕ್ರಗಳ, ರಭಸದಿಂದ ಇಳಿಯುವ, ಒಳ್ಳೆಯ ಡಾಂಬರು ಹಾದಿಯನ್ನೇ ಬಯಸುವ ಲಾಂಗ್-ಈಝೀ ಇಲ್ಲಿ ಎರಡನೆಯ ಸಲ ಸೋಲುತ್ತದೆ.

ಈಗ ಬಿಕ್ಕಟ್ಟು ಸ್ಪಷ್ಟವಾಯಿತು. ನಮ್ಮ ನೆಲಕ್ಕೆ ನಿಧಾನದ ವಿಮಾನ ಬೇಕು. ನಿಧಾನದ ವಿಮಾನಕ್ಕೆ ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲ್ಲರು ಬೇಕು. ಕೈಯಲ್ಲಿರುವ ಎಂಜಿನ್ನೋ ಅವಸರದ್ದು. ನಡುವೆ ಸುತ್ತು ತಗ್ಗಿಸುವ ಗೇರನ್ನೋ ಬೆಲ್ಟನ್ನೋ ಇಡದೆ ವಿಧಿಯಿಲ್ಲ. 5000 ಸುತ್ತನ್ನು 2.2ರಿಂದ ಭಾಗಿಸಿದರೆ ಸುಮಾರು 2270. ಆಗ ಒಂದೂಮುಕ್ಕಾಲು ಮೀಟರಿನ ಪ್ರೊಪೆಲ್ಲರಿನ ತುದಿ ಸೆಕೆಂಡಿಗೆ 208 ಮೀಟರಿನಲ್ಲಿ ಸುಖವಾಗಿ ಹೋಗುತ್ತದೆ. ಹಂಸದ ರೋಟಾಕ್ಸಿನಲ್ಲೂ ಇಂಥ ಗೇರು ಇದೆ. ಬೆಂಗಳೂರಿನದೇ ಆದ ರಾಜ್‌ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ಎಂಬ ಕೊಳವೆ-ಬಟ್ಟೆಯ ಪುಟ್ಟ ವಿಮಾನಗಳ ಎಂಜಿನ್ನಿನಲ್ಲೂ ಇದೆ. ಝೆನ್ ಎಂಜಿನ್ನಿನ ದಾಯಾದಿಯಾದ ಸುಜುಕಿಯ ಮೂರು ಸಿಲಿಂಡರಿನ ಅಲ್ಯೂಮಿನಿಯಮ್ ಎಂಜಿನ್ನನ್ನು ಅಮೆರಿಕದ ಹವ್ಯಾಸಿಗಳು ಹೀಗೆಯೇ ಸುತ್ತು ತಗ್ಗಿಸಿ ಹಗುರ ವಿಮಾನಗಳಲ್ಲಿ ಬಳಸಿದ್ದಾರೆ. ಎಕ್ಸ್-ಏರಿನ ಜಾತಿಯ, ರೆಕ್ಕೆ ಮೇಲಿರುವ, ಒಬ್ಬರೇ ಹಾರುವ ವಿಮಾನವನ್ನು ನೋಡು ಎಂದು ನಾನು ಸೂಚಿಸಿದೆ. ಅಂದವಿಲ್ಲವೆಂದು ಅವನು ಮುಖ ಸಿಂಡರಿಸಿದ. ಬಟ್ಟೆ ಒಣಹಾಕಿದ ಹಾಗಿದೆ ಎಂದನಂತೆ, ಕೆಲಸದವರ ಬಳಿ.

ಸುತ್ತು ತಗ್ಗಿಸುವ ಈ ಸಾಧನವೇ ಎಲ್ಲಕ್ಕಿಂತ ದುರ್ಬಲವಾದ ಕೊಂಡಿ. ಸಿಲಿಂಡರುಗಳು ಸಿಡಿಯುವಾಗ ಎಂಜಿನ್ನಿನ ದಂಡ ಸಮನಾಗಿ ತಿರುಗದೆ ತಿವಿದು ತಿವಿದು ತಿರುಗುತ್ತದೆ. ಕಾರಿನಲ್ಲಿ ಭಾರವಾದ ಫ್ಲೈವೀಲು, ಕ್ಲಚ್ಚಿನ ಸ್ಪ್ರಿಂಗು ಆ ತಿವಿತವನ್ನು ನುಂಗುತ್ತವೆ. ಪ್ರೊಪೆಲ್ಲರು ತಾನೇ ಒಂದು ಭಾರದ ಚಕ್ರ. ಎಂಜಿನ್ನಿಗೂ ಅದಕ್ಕೂ ನಡುವಿನ ದಂಡ ಹುರಿಗೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುತ್ತದೆ. ಪಂಚಮಿಯ ಜೋಕಾಲಿಯನ್ನು ಸರಿಯಾದ ಗಳಿಗೆಗೆ ಬೆರಳಿನಿಂದ ತಳ್ಳುತ್ತ ಹೋದರೂ ಅದು ಕೊಂಬೆ ಮುಟ್ಟುವಂತೆ ಏರುತ್ತದಲ್ಲವೆ? ಹಾಗೆ ತಿವಿತದ ಲಯಕ್ಕೂ ದಂಡದ ಸ್ವಂತ ಲಯಕ್ಕೂ ತಾಳ ಕೂಡಿಬಿಟ್ಟರೆ ಗಟ್ಟಿ ಉಕ್ಕೂ ಮುರಿಯುತ್ತದೆ. ರಬ್ಬರಿನ ಬೆಲ್ಟು ಇದನ್ನು ಗೇರಿಗಿಂತ ಸ್ವಲ್ಪ ಮೆತ್ತಗೆ ತಾಳಿಕೊಳ್ಳುತ್ತದೆಂದು ನಾನು ಅದರ ಪಕ್ಷ. ನೇರವಾಗಿ ಕೂಡಿಸುವವರೂ ನಿಶ್ಚಿಂತರಲ್ಲ: ವಿಮಾನ ತಿರುಗುವಾಗ ಪ್ರೊಪೆಲ್ಲರು ಬುಗುರಿಯಂತೆ ದಂಡವನ್ನು ಬಾಗಿಸುತ್ತದೆ, ಕಾರ್ವೇರ್ ಎಂಜಿನ್ನುಗಳಲ್ಲಿ ದಂಡ ಮುರಿದ ಮೇಲೆ ಮುಂಭಾಗದಲ್ಲಿ ಇನ್ನೊಂದು ಬೇರಿಂಗು ಕೂಡಿಸುವ ರೂಢಿ ಬಂತು.

ಆದ್ದರಿಂದ ವಿಮಾನಕ್ಕೆ ಒಂದು ಕಡ್ಡಿಯನ್ನೂ ಕೊಯ್ಯುವ ಮೊದಲು ಎಂಜಿನ್ನು, ಬೆಲ್ಟು, ಪ್ರೊಪೆಲ್ಲರು, ರೇಡಿಯೇಟರು ಎಲ್ಲವನ್ನೂ ಗಟ್ಟಿ ಕಟ್ಟಿನ ಮೇಲೆ ಕಟ್ಟಿ ಐವತ್ತು ಗಂಟೆ ಓಡಿಸು ಎಂದು ಹೇಳಿದೆ. ಜೊತೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಈಗಲೇ ಬರೆ ಎಂದೂ ಹೇಳಿದೆ. 1934ರ ಕಾನೂನಿನ ಜಾಗದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ; ಅನುಮತಿಯಿಲ್ಲದೆ ನೆಲ ಬಿಡುವಂತಿಲ್ಲ. ಕಟ್ಟಿ ಮುಗಿಸಿದ ಮೇಲೆ ಕೇಳುವುದಕ್ಕಿಂತ ಕಟ್ಟುವ ಮುಂಚೆ ಕೇಳುವುದು ಅಗ್ಗ.

ಮೊನ್ನೆ ಹೋಗಿದ್ದೆ. ಎಂಜಿನ್ನನ್ನು ಸಕಲ ಪರಿಕರಗಳೊಡನೆ ಪಕ್ಕದ ಫೌಂಡ್ರಿಯ ತಕ್ಕಡಿಗೆ ಏರಿಸಿ ತೂಗಿದ್ದಾನೆ. ರೇಡಿಯೇಟರಿನ ನೀರನ್ನೂ ಬ್ಯಾಟರಿಯನ್ನೂ ಬಿಡದೆ ಸೇರಿಸಿ 92 ಕಿಲೋ. ಕಟ್ಟಿನ ಮೇಲೆ ಓಡಿಸಿದ್ದು ಹನ್ನೊಂದು ಗಂಟೆ. ಹನ್ನೊಂದನೆಯ ಗಂಟೆಯಲ್ಲಿ ಬೆಲ್ಟಿನ ಮೇಲಿನ ಗಾಲಿಯ ಬೇರಿಂಗು ಕೈಯಿಡಲಾರದಷ್ಟು ಬಿಸಿಯಾಯಿತಂತೆ. ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದ. ಮತ್ತೆ ಒಂದರಿಂದ ಎಣಿಸಬೇಕೋ ಹನ್ನೆರಡರಿಂದ ಮುಂದುವರಿಸಬಹುದೋ ಎಂದು ಕೇಳಿದ. ಒಂದರಿಂದ ಎಂದೆ.